ನೆರಳು ಕಟ್ಟುವ ಕಸುಬು

ರಿಯಾದ್‌ನಲ್ಲಿ ದುಡಿಯುವ ನಮ್ಮ ಕರಾವಳಿಯವರು ಊರಿಗೆ ಕಳಿಸುವ ಫೋಟೊಗಳಲ್ಲಿ ಕಿಂಗ್‌ಡಮ್ ಸೆಂಟರ್ ಇದ್ದೇ ಇರುತ್ತದೆ. ನೆತ್ತಿಯಲ್ಲಿ ದೊಡ್ಡ ಕಿಂಡಿಯಿರುವ, 302 ಮೀಟರ್ ಎತ್ತರದ ಆ ಗಾಜಿನ ಗೋಪುರ ನಗರದ ಗುರುತೇ ಆಗಿಬಿಟ್ಟಿದೆ. ಅದೇ ನಗರದಲ್ಲಿ ಎರಡು ತಗ್ಗು ಕಟ್ಟಡಗಳಿವೆ. ಒಂದು ಪ್ರಾರ್ಥನೆಗೆ, ಇನ್ನೊಂದು ಓದಿಗೆ. ಗೋಪುರಕ್ಕಿಂತ ಇವೇ ದೊಡ್ಡ ಸಾಧನೆ ಎಂಬುದು ನನ್ನ ನಂಬಿಕೆ. ಮನುಷ್ಯ ಸುಮ್ಮನೆ ಕೂತು ಮನಸ್ಸು ಕೊಡಬೇಕಾದ ಜಾಗವನ್ನು ಸುಡುಬಿಸಿಲಿನ ನಾಡಿನಲ್ಲಿ ಹೇಗೆ ಕಟ್ಟಬೇಕೆಂದು ಎರಡೂ ತೋರಿಸಿಕೊಟ್ಟಿವೆ.

ರಿಯಾದ್ ಇರುವುದು ನಜ್ದ್ ಎಂಬ ಒಳನಾಡಿನಲ್ಲಿ. ಬೇಸಿಗೆಯ ಬಿಸಿಲು 45 ಡಿಗ್ರಿಯ ಆಸುಪಾಸು. ಚಳಿಗಾಲದ ರಾತ್ರಿ ಮೈ ನಡುಗುತ್ತದೆ. ಇಲ್ಲಿನ ಹಳೆಯ ಮಸೀದಿಗಳಿಗೆ ಗುಮ್ಮಟವಿರಲಿಲ್ಲ. ಮಂಗಳೂರು ಬಂದರಿನ ಜೀನತ್ ಬಕ್ಷ್ ಮಸೀದಿಯ ಮರದ ಕೆತ್ತನೆಯ ಕಂಬಗಳನ್ನು ಕಂಡವರಿಗೆ ಇದು ಅಚ್ಚರಿಯಾಗದು. ಕರಾವಳಿಯಲ್ಲಿ ಕಟ್ಟಡದ ರೂಪವನ್ನು ಮಳೆ ತಿದ್ದಿತು, ನಜ್ದ್‌ನಲ್ಲಿ ಬಿಸಿಲು. ಹಸಿ ಇಟ್ಟಿಗೆಯ ದಪ್ಪ ಗೋಡೆ, ಮೇಲೆ ಅಥ್ಲ್ ಎಂಬ ಸ್ಥಳೀಯ ಮರದ ತೊಲೆ, ತೊಲೆಯ ಮೇಲೆ ಖರ್ಜೂರದ ಗರಿ, ಅದರ ಮೇಲೆ ಮಣ್ಣು. ಉದ್ದದ ತೊಲೆ ಸಿಗದ ನಾಡಾದ್ದರಿಂದ ಕಂಬಗಳನ್ನು ಹತ್ತಿರ ಹತ್ತಿರ ನಿಲ್ಲಿಸಬೇಕಾಯಿತು; ಆ ಮಸೀದಿಗಳ ತಂಪು ಮಬ್ಬಿನ ಕಂಬಸಾಲು ಹುಟ್ಟಿದ್ದು ಈ ಕೊರತೆಯಿಂದಲೇ. ಚಳಿಗಾಲದ ಪ್ರಾರ್ಥನೆಗೆ ನೆಲದಡಿಯಲ್ಲಿ ‘ಖಲ್ವಾ’ ಎಂಬ ಬೆಚ್ಚನೆಯ ಕೋಣೆ ಇರುತ್ತಿತ್ತು. ಒಂದೇ ಕಟ್ಟಡಕ್ಕೆ ಎರಡು ಋತುಗಳ ಎರಡು ಅಂತಸ್ತು!

ತೈಲದ ಹಣ ಹರಿದ ಮೇಲೆ ಮಣ್ಣಿನ ರಿಯಾದ್‌ನ ಬಹುಪಾಲು ಕಾಂಕ್ರೀಟಿಗೆ ದಾರಿ ಬಿಟ್ಟಿತು. ಆ ಹೊತ್ತಿನಲ್ಲಿ ಹಳೆಯ ನಗರದ ನಡುಭಾಗವನ್ನು ಮತ್ತೆ ಕಟ್ಟುವ ಕೆಲಸ ಜೋರ್ಡಾನಿನ ವಾಸ್ತುಶಿಲ್ಪಿ ರಾಸೆಮ್ ಬದ್ರಾನ್ ಅವರ ಕೈಗೆ ಬಂತು. ಅದರ ಭಾಗವಾದ ಇಮಾಮ್ ತುರ್ಕಿ ಬಿನ್ ಅಬ್ದುಲ್ಲಾ ಮಸೀದಿ 1992ರಲ್ಲಿ ಮುಗಿಯಿತು. ಹದಿನೇಳು ಸಾವಿರ ಜನ ಸೇರಬಹುದಾದ ಇಷ್ಟು ದೊಡ್ಡ ಮಸೀದಿಗೆ ಗುಮ್ಮಟವಿಡುವ ಆಸೆಗೆ ಬದ್ರಾನ್ ಬೀಳಲಿಲ್ಲ. ಕಂಬಸಾಲಿನ ಹಜಾರ, ಅಂಗಳ, ಚೌಕ ಮಿನಾರು ಎಲ್ಲವೂ ನಜ್ದ್‌ನವೇ. ಆದರೂ ಇದು ಹಳೆಯದರ ನಕಲಲ್ಲ. ಮಣ್ಣಿನ ಕಾಲದ ಜಾಣತನವನ್ನು ಕಾಂಕ್ರೀಟಿನ ಅಳತೆಗೆ ಒಗ್ಗಿಸಿದ ಕೆಲಸ. 1995ರಲ್ಲಿ ಇದಕ್ಕೆ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂತು.

ಜೆಡ್ಡಾದ ಕಡಲಂಚಿನಲ್ಲಿ ಈಜಿಪ್ಟಿನ ವಾಸ್ತುಶಿಲ್ಪಿ ಅಬ್ದೆಲ್ ವಾಹಿದ್ ಅಲ್ ವಕೀಲ್ ಕಟ್ಟಿದ ಪುಟ್ಟ ಬಿಳಿ ಮಸೀದಿಗಳದು ಬೇರೆಯೇ ಹಾದಿ. ಮಣ್ಣಿನ ಕಟ್ಟಡಗಳಿಗೆ ಹೆಸರಾದ ಹಸನ್ ಫಾತಿಯವರ ಶಿಷ್ಯರಾದ ಅವರು ಗುಮ್ಮಟ, ಕಮಾನುಗಳನ್ನು ಇಟ್ಟಿಗೆಯಲ್ಲೇ ಎತ್ತಿದರು. ಅಲ್ಲಿನ ಕಾರ್ನಿಶ್ ಮಸೀದಿಗೆ 1989ರಲ್ಲಿ ಅದೇ ಪ್ರಶಸ್ತಿ ಸಂದಿತು.

ಇನ್ನು ಓದಿನ ಮನೆ. ಕಿಂಗ್ ಫಹದ್ ರಾಷ್ಟ್ರೀಯ ಗ್ರಂಥಾಲಯ ನನಗೆ ಹೆಚ್ಚು ಇಷ್ಟವಾಗುವುದು ಅದು ಏನನ್ನು ಉಳಿಸಿಕೊಂಡಿತು ಎಂಬ ಕಾರಣಕ್ಕೆ. 1980ರ ದಶಕದ ಗುಮ್ಮಟವಿದ್ದ ಹಳೆಯ ಗ್ರಂಥಾಲಯವನ್ನು ಕೆಡವಿ ಹೊಸದು ಕಟ್ಟುವುದು ಸುಲಭವಿತ್ತು. ಜರ್ಮನಿಯ ಗೆರ್ಬರ್ ಆರ್ಕಿಟೆಕ್ಟನ್ ಸಂಸ್ಥೆ ಹಾಗೆ ಮಾಡದೆ, ಹಳೆಯದರ ಸುತ್ತ ಹೊಸದನ್ನು ಚೌಕವಾಗಿ ಕಟ್ಟಿತು. 2013ರಲ್ಲಿ ಕೆಲಸ ಮುಗಿದಾಗ ಹಳೆಯ ಕಟ್ಟಡ ಪುಸ್ತಕ ಭಂಡಾರವಾಗಿತ್ತು, ಅದರ ತಾರಸಿ ವಾಚನಾಲಯವಾಗಿತ್ತು. ಅಂದರೆ ಇಲ್ಲಿ ಓದುಗ ಕೂರುವುದು ಪುಸ್ತಕಗಳ ನೆತ್ತಿಯ ಮೇಲೆ. ಗುಮ್ಮಟವೂ ಉಕ್ಕು, ಗಾಜಿನಲ್ಲಿ ಹೊಸ ರೂಪ ಪಡೆದು ಅಲ್ಲೇ ಇದೆ.

ಹೊರಗೋಡೆ ಗಾಜಿನದು. ಬರೀ ಗಾಜಾಗಿದ್ದರೆ ಒಳಗಿದ್ದವರು ಬೇಯುತ್ತಿದ್ದರು. ಅದಕ್ಕೇ ಉಕ್ಕಿನ ತಂತಿಗಳ ಬಿಗಿತದಲ್ಲಿ ವಜ್ರಾಕೃತಿಯ ಬಿಳಿ ಬಟ್ಟೆಯ ಪರದೆಗಳನ್ನು ಕಟ್ಟಡದ ನಾಲ್ಕೂ ಬದಿಗೆ ಹರವಿದ್ದಾರೆ. ಮರುಭೂಮಿಯ ಅಲೆಮಾರಿಗಳ ಗುಡಾರದಿಂದ ಬಂದ ಉಪಾಯವಿದು. ಸೂರ್ಯನ ನೇರ ಕಿರಣ ಅಲ್ಲೇ ನಿಲ್ಲುತ್ತದೆ, ಬೆಳಕು ಮಾತ್ರ ಸೋಸಿ ಒಳಗೆ ಬರುತ್ತದೆ. ಒಳಗಿನಿಂದ ಬೀದಿಯೂ ಕಾಣುತ್ತದೆ. ಛಾವಣಿಯ ಬೆಳಕಿಂಡಿಗಳ ಕೆಳಗೂ ಅಂಥದೇ ಬಿಳಿ ಪರದೆ ಹರಡಿರುವುದರಿಂದ ಹಾಳೆಯ ಮೇಲೆ ಕಣ್ಣು ಕುಕ್ಕುವ ಬಿಸಿಲು ಬೀಳುವುದಿಲ್ಲ. ಪರದೆ ಅರ್ಧ ಕೆಲಸ ಮಾಡಿದರೆ ಉಳಿದರ್ಧ ನೆಲದ್ದು: ಕಾಲ ಕೆಳಗಿನ ನೆಲವನ್ನೇ ತಂಪಾಗಿಸುವ ವ್ಯವಸ್ಥೆಯಿರುವುದರಿಂದ, ಅಷ್ಟು ಎತ್ತರದ ಹಜಾರದ ಗಾಳಿಯನ್ನೆಲ್ಲ ತಣಿಸುವ ಬದಲು ಓದುಗ ಕೂತ ಎತ್ತರಕ್ಕೆ ತಂಪು ಸಿಕ್ಕಿದರೆ ಸಾಕಾಗುತ್ತದೆ.