ಕೂಸು ತೊಡೆ ಮೇಲಲ್ಲ, ಸೀಟಿನಲ್ಲಿ!

ದೀಪಾವಳಿಗೆ ಬೆಂಗಳೂರಿನಿಂದ ಮಾಸೂರಿಗೆ ಹೊರಟಿದ್ವಿ. ಮುನ್ನೂರು ಕಿಲೋಮೀಟರ್‌ಗೂ ಮೀರಿದ ದಾರಿ. ರಾಣೆಬೆನ್ನೂರಿನಲ್ಲಿ ಹೆದ್ದಾರಿ ಬಿಟ್ಟು ರಟ್ಟೀಹಳ್ಳಿ ಕಡೆ ಹೊರಳಿದಾಗ ಕತ್ತಲಾಗಿತ್ತು. ಹಿಂದಿನ ಸೀಟಿನಲ್ಲಿ ನಾನು, ನನ್ನ ತೊಡೆಯ ಮೇಲೆ ಹನ್ನೊಂದು ತಿಂಗಳ ಮಗ. ಎದುರಿಗೆ ಗೋವಿನಜೋಳದ ಚೀಲ ಹೇರಿಕೊಂಡ ಟ್ರ್ಯಾಕ್ಟರ್, ಟ್ರೇಲರ್‌ಗೆ ಹಿಂದೆ ಒಂದೂ ದೀಪವಿಲ್ಲ. ಯಜಮಾನರು ಒಮ್ಮೆಲೇ ಬ್ರೇಕ್ ಒತ್ತಿದರು.

ಗಾಡಿ ಗುದ್ದಲಿಲ್ಲ. ಆದರೆ ಮಗ ನನ್ನ ಕೈಯಿಂದ ಜಾರಿ ಮುಂದಿನ ಸೀಟಿನ ಬೆನ್ನಿಗೆ ಹೋಗಿ ಬಡಿದ. ಹಣೆ ಮೇಲೆ ಬುಗುಟೆ. ಅವನನ್ನು ನಾನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿದ್ದೆ, ಅದನ್ನು ಆಣೆ ಮಾಡಿ ಹೇಳಬಲ್ಲೆ. ಆದರೂ ಜಾರಿದ. ಆ ಹಬ್ಬದಲ್ಲಿ ನನಗೆ ಹೋಳಿಗೆ ರುಚಿಸಲಿಲ್ಲ.

ಮನೆ ಮುಟ್ಟಿದ ಮೇಲೆ "ಕಾರ್ ಸೀಟ್ ತಗೋತೀವಿ" ಅಂದಾಗ ಅತ್ತೆಯವರ ಮೊದಲ ಮಾತು: "ಅಯ್ಯ, ಕೂಸಿನ್ನ ಕುರ್ಚಿಗೆ ಕಟ್ಟಿ ಹಾಕ್ತೀಯೇನವ್ವಾ? ನಿಮ್ಮ ತೊಡಿ ಮ್ಯಾಲೆ ಕುಂತ್ರ ಏನಾಕ್ಕೈತಿ?"

ಈ ಪ್ರಶ್ನೆ ನಮ್ಮ ಮನೆಯದ್ದು ಮಾತ್ರ ಅಲ್ಲ, ಅಲ್ವಾ? ಅದಕ್ಕೇ ಈ ಬರಹ.

ಕೈ ಯಾಕೆ ಸಾಲದು?

ಒಂದು ಸಣ್ಣ ಲೆಕ್ಕ. ಕಾರು ಗಂಟೆಗೆ 50 ಕಿ.ಮೀ. ವೇಗದಲ್ಲಿದ್ದರೆ ಸೆಕೆಂಡಿಗೆ ಸುಮಾರು 14 ಮೀಟರ್ ಓಡುತ್ತಿರುತ್ತೆ. ಡಿಕ್ಕಿಯಾಗಿ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತಿತು ಅಂದುಕೊಳ್ಳಿ. 10 ಕೆಜಿ ಮಗುವನ್ನು ಆ ಕ್ಷಣ ಹಿಡಿದು ನಿಲ್ಲಿಸಲು ಸುಮಾರು 140 ಕೆಜಿ ತೂಕ ಎತ್ತುವಷ್ಟು ಬಲ ಬೇಕು. ಮಾವನವರಿಗೆ ಇದನ್ನು ಅವರ ಭಾಷೆಯಲ್ಲೇ ಹೇಳಿದೆ: "ಒಂದು ಕ್ವಿಂಟಲ್ ಮ್ಯಾಲೆ ನಲವತ್ತು ಕೆಜಿ ಕಾಳು, ಕಣ್ಣು ಮುಚ್ಚಿ ತಗಿಯೋದ್ರಾಗ ಒಂದ ಸಲಕ್ಕ ಕೈಯಾಗ ಹಿಡೀಬೇಕ್ರಿ ಮಾವ." ಅವರು ಸುಮ್ಮನಾದರು.

ತಾಯಿಯ ಬೆಲ್ಟನ್ನೇ ಮಗುವಿಗೂ ಸೇರಿಸಿ ಹಾಕಿದರೆ? ಅದು ಇನ್ನೂ ಅಪಾಯ. ಡಿಕ್ಕಿಯಾದಾಗ ತಾಯಿಯ ಇಡೀ ಭಾರ ಬೆಲ್ಟ್ ಮತ್ತು ತಾಯಿಯ ನಡುವೆ ಸಿಕ್ಕ ಮಗುವಿನ ಮೇಲೆ ಬೀಳುತ್ತೆ.

ಮುಂದಿನ ಸೀಟಿನಲ್ಲಿ ತೊಡೆ ಮೇಲೆ ಕೂರಿಸಿಕೊಳ್ಳುವವರಿಗೆ ಒಂದು ಮಾತು. 2024ರ ಸೆಪ್ಟೆಂಬರ್‌ನಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ತಾಯಿಯ ತೊಡೆ ಮೇಲಿದ್ದ ಎರಡು ವರ್ಷದ ಮಗು ಏರ್‌ಬ್ಯಾಗ್ ಬಿಚ್ಚಿಕೊಂಡು ತೀರಿಕೊಂಡಿತು. ದೊಡ್ಡವರನ್ನು ಉಳಿಸುವ ಏರ್‌ಬ್ಯಾಗ್ ಎಳೆ ಮಗುವಿಗೆ ಸುತ್ತಿಗೆ ಏಟು.

ಕಾನೂನು ಏನನ್ನುತ್ತೆ?

2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಗೆ 194ಬಿ ಎಂಬ ಕಲಂ ಸೇರಿತು. ಅದೇ ವರ್ಷ ಸೆಪ್ಟೆಂಬರ್ 1ರಿಂದ ಜಾರಿ. 14 ವರ್ಷ ತುಂಬದ ಮಗುವಿಗೆ ಸೀಟ್ ಬೆಲ್ಟ್ ಅಥವಾ ಮಕ್ಕಳ ಸುರಕ್ಷಾ ಸೀಟು ಇಲ್ಲದೆ ಕಾರು ಓಡಿಸಿದರೆ ಕಾಯ್ದೆಯಲ್ಲಿ 1000 ರೂಪಾಯಿ ದಂಡ. "ಅಥವಾ" ಅನ್ನುವ ಪದವನ್ನು ಗಮನಿಸಿ. ಕಾನೂನಿಗೆ ಬೆಲ್ಟ್ ಸಾಕು. ಆದರೆ ಕಾರಿನ ಬೆಲ್ಟ್ ದೊಡ್ಡವರ ಅಳತೆಯದ್ದು. ಪುಟ್ಟ ಮಗುವಿಗೆ ಅದು ಕುತ್ತಿಗೆಗೆ ಬರುತ್ತೆ, ಹೊಟ್ಟೆಯನ್ನು ಒತ್ತುತ್ತೆ. ದಂಡ ತಪ್ಪಿದ ಮಾತ್ರಕ್ಕೆ ಮಗು ಸೇಫ್ ಅಂತಲ್ಲ.

2022ರ ಸೆಪ್ಟೆಂಬರ್‌ನಲ್ಲಿ ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕದೆ ಕೂತಿದ್ದ ಉದ್ಯಮಿ ಸೈರಸ್ ಮಿಸ್ತ್ರಿ ಪಾಲ್ಘರ್ ಬಳಿ ಅಪಘಾತದಲ್ಲಿ ತೀರಿಕೊಂಡರು. ಮರುತಿಂಗಳೇ ಕರ್ನಾಟಕದಲ್ಲೂ ಹಿಂದಿನ ಸೀಟಿನವರ ಬೆಲ್ಟ್ ಕಡ್ಡಾಯ ಮಾಡಿ ಪೊಲೀಸ್ ಸುತ್ತೋಲೆ ಬಂತು. 2024ರ ಅಕ್ಟೋಬರ್‌ನಲ್ಲಿ ಕೇರಳದ ಸಾರಿಗೆ ಇಲಾಖೆ ಮಕ್ಕಳ ಸೀಟಿಗೆ ದಂಡ ಶುರು ಮಾಡುತ್ತೇವೆ ಎಂದಿತ್ತು. ಕೆಲವೇ ದಿನದಲ್ಲಿ ಸಚಿವರು ಸದ್ಯಕ್ಕೆ ದಂಡ ಬೇಡ ಅಂದರು. ಅಂದರೆ ಪೊಲೀಸರು ಹಿಡಿಯಲಿ ಅಂತ ಕಾಯುತ್ತಾ ಕೂತರೆ ಮಕ್ಕಳು ದೊಡ್ಡವರಾಗಿಬಿಡುತ್ತಾರೆ!

ಬೈಕಿಗೂ ನಿಯಮ ಇದೆ. 2023ರ ಫೆಬ್ರವರಿ 15ರಿಂದ, 9 ತಿಂಗಳಿಂದ 4 ವರ್ಷದವರೆಗಿನ ಮಗುವಿಗೆ ಹೆಲ್ಮೆಟ್ ಮತ್ತು ಸವಾರರಿಗೆ ಜೋಡಿಸುವ ಸುರಕ್ಷಾ ಪಟ್ಟಿ ಬೇಕು, ವೇಗ 40 ಕಿ.ಮೀ. ದಾಟಬಾರದು.

ಯಾವ ಸೀಟು ತಗೊಳ್ಳೋದು?

ಅಂಗಡಿಗೆ ಹೋಗುವ ಮೊದಲು ಮಗುವಿನ ತೂಕ, ಎತ್ತರ ಬರೆದುಕೊಳ್ಳಿ. ವಯಸ್ಸಿಗಿಂತ ಇವೆರಡೇ ಮುಖ್ಯ.

• ಹುಟ್ಟಿದಾಗಿನಿಂದ: ಹಿಮ್ಮುಖ ಸೀಟು, ಅಂದರೆ ಮಗುವಿನ ಮುಖ ಕಾರಿನ ಹಿಂಬದಿಗೆ. ಎಳೆ ಮಗುವಿನ ತಲೆ ದೊಡ್ಡದು, ಕುತ್ತಿಗೆ ಮೆತ್ತಗೆ. ಡಿಕ್ಕಿಯ ಬಲವನ್ನು ಸೀಟಿನ ಬೆನ್ನು ಹೊತ್ತುಕೊಳ್ಳುತ್ತೆ. ಕನಿಷ್ಠ 15 ತಿಂಗಳವರೆಗೆ ಹೀಗೇ ಇರಲಿ. ಸೀಟಿನ ಮಿತಿ ಇರುವಷ್ಟು ದಿನ ಮುಂದುವರಿಸಿದರೆ ಇನ್ನೂ ಒಳ್ಳೆಯದು.
• ಹಿಮ್ಮುಖ ಸೀಟಿನ ಮಿತಿ ದಾಟಿದ ಮೇಲೆ: ಐದು ಪಟ್ಟಿಗಳಿರುವ ಮುಮ್ಮುಖ ಸೀಟು, ಸಾಮಾನ್ಯವಾಗಿ 18 ಕೆಜಿವರೆಗೆ.
• ಅದಾದ ಮೇಲೆ: ಬೂಸ್ಟರ್ ಸೀಟು. ಕಾರಿನ ಬೆಲ್ಟ್ ಹೆಗಲಿನ ಮಧ್ಯೆ ಮತ್ತು ತೊಡೆಯ ಬುಡದಲ್ಲಿ ಕೂರುವಷ್ಟು ಮಗು ಎತ್ತರವಾಗುವ ತನಕ ಇದು ಬೇಕು.

ಸೀಟಿನ ಮೇಲಿನ ಲೇಬಲ್ ನೋಡಿ. ವೃತ್ತದೊಳಗೆ 'ಇ' ಅಕ್ಷರ, ಪಕ್ಕದಲ್ಲಿ ಅಂಕಿ ಇರುತ್ತೆ. ಆರ್44/04 ಅಂದರೆ ತೂಕದ ಲೆಕ್ಕದ ಹಳೆಯ ಮಾನದಂಡ. ಆರ್129 ಅಥವಾ ಐ-ಸೈಜ್ ಅಂದರೆ ಎತ್ತರದ ಲೆಕ್ಕದ ಹೊಸದು, ಇದರಲ್ಲಿ ಪಕ್ಕದ ಡಿಕ್ಕಿಯ ಪರೀಕ್ಷೆಯೂ ಸೇರಿದೆ. ನಮ್ಮ ದೇಶದ ಮಾನದಂಡ ಎಐಎಸ್-072. ಇದ್ಯಾವುದೂ ಇಲ್ಲದ, ಬರೀ ಬಟ್ಟೆಯ ಚೀಲದಂಥ ಅಗ್ಗದ "ಸೀಟು" ಬೇಡವೇ ಬೇಡ.

ಬೆಲೆ ಐದಾರು ಸಾವಿರದಿಂದ ಶುರು. ಅಕ್ಕನ ಮಗುವಿನದ್ದೋ ಗೆಳತಿಯ ಮಗುವಿನದ್ದೋ ಬಳಸಬಹುದು, ಆದರೆ ಅದು ಅಪಘಾತ ಕಂಡಿರಬಾರದು, ಲೇಬಲ್ ಇರಬೇಕು, ಅವಧಿ ಮುಗಿದಿರಬಾರದು. ಪರಿಚಯ ಇಲ್ಲದವರ ಹತ್ತಿರ ಹಳೆ ಸೀಟು ಕೊಳ್ಳಬೇಡಿ.

ಕೊಳ್ಳುವ ಮೊದಲು ನಿಮ್ಮ ಕಾರಿನಲ್ಲೇ ಇಟ್ಟು ನೋಡಿ. ಸಣ್ಣ ಕಾರಿನಲ್ಲಿ ಹಿಮ್ಮುಖ ಸೀಟು ಇಟ್ಟರೆ ಮುಂದಿನವರಿಗೆ ಕಾಲು ಚಾಚಲು ಜಾಗ ಸಾಲದೇ ಹೋಗಬಹುದು.

ಕೂರಿಸುವುದು ಹೇಗೆ?

ದುಬಾರಿ ಸೀಟೂ ಸಡಿಲವಾಗಿದ್ದರೆ ಪ್ರಯೋಜನ ಇಲ್ಲ. ನಾವು ಮೊದಲ ಸಲ ತಪ್ಪಾಗಿಯೇ ಕೂರಿಸಿದ್ವಿ.

• ಜಾಗ ಹಿಂದಿನ ಸೀಟು. ಏರ್‌ಬ್ಯಾಗ್ ಆನ್ ಇರುವ ಮುಂದಿನ ಸೀಟಿನಲ್ಲಿ ಹಿಮ್ಮುಖ ಸೀಟು ಎಂದೂ ಬೇಡ.
• ಹಿಂದಿನ ಸೀಟಿನ ಬೆನ್ನು ಮತ್ತು ಕೂರುವ ಭಾಗದ ಸಂದಿಯಲ್ಲಿ ಲೋಹದ ಕೊಂಡಿ ಇದ್ದರೆ ಅದೇ ಐಸೋಫಿಕ್ಸ್. ಸೀಟಿನ ಕೈಗಳು 'ಕ್ಲಿಕ್' ಅಂದು, ಗುರುತು ಹಸಿರಾಗಬೇಕು. ಮೇಲಿನ ಪಟ್ಟಿ ಅಥವಾ ನೆಲಕ್ಕೆ ಊರುವ ಕಾಲು ಕೊಟ್ಟಿದ್ದರೆ ಅದನ್ನೂ ಬಳಸಿ.
• ಐಸೋಫಿಕ್ಸ್ ಇಲ್ಲದಿದ್ದರೆ ಕಾರಿನ ಬೆಲ್ಟ್. ಹೆಚ್ಚಿನ ಸೀಟುಗಳಲ್ಲಿ ಹಿಮ್ಮುಖಕ್ಕೆ ನೀಲಿ, ಮುಮ್ಮುಖಕ್ಕೆ ಕೆಂಪು ಗುರುತಿನ ದಾರಿಯಲ್ಲಿ ಬೆಲ್ಟ್ ಹಾಯಿಸಬೇಕು. ಸೀಟಿನ ಮೇಲೆ ಮೊಣಕಾಲೂರಿ ಒತ್ತುತ್ತಾ ಎಳೆದು ಬಿಗಿ ಮಾಡಿ.
• ಬೆಲ್ಟ್ ಹಾಯುವ ಜಾಗದಲ್ಲಿ ಹಿಡಿದು ಅಲ್ಲಾಡಿಸಿ. ಒಂದು ಇಂಚಿಗಿಂತ ಹೆಚ್ಚು ಅಲುಗಾಡಬಾರದು.
• ಸೀಟಿನ ಪಟ್ಟಿಗಳು ಹಿಮ್ಮುಖದಲ್ಲಿ ಹೆಗಲಿನ ಮಟ್ಟಕ್ಕೆ ಅಥವಾ ತುಸು ಕೆಳಗಿನಿಂದ, ಮುಮ್ಮುಖದಲ್ಲಿ ಹೆಗಲಿನ ಮಟ್ಟಕ್ಕೆ ಅಥವಾ ತುಸು ಮೇಲಿನಿಂದ ಬರಬೇಕು. ಹೆಗಲ ಮೇಲೆ ಪಟ್ಟಿಯನ್ನು ಚಿವುಟಲು ಹೋದರೆ ಬೆರಳಿಗೆ ಮಡಿಕೆ ಸಿಗಬಾರದು.
• ದಪ್ಪ ಸ್ವೆಟರ್, ಕುಂಚಿಗೆ, ದುಪ್ಪಟಿ ಪಟ್ಟಿಯ ಒಳಗೆ ಬೇಡ. ಮೊದಲು ಪಟ್ಟಿ ಬಿಗಿಯಿರಿ, ಚಳಿಯಿದ್ದರೆ ಮೇಲಿನಿಂದ ಹೊದಿಸಿ.

ನಮ್ಮ ಕಡೆಯ ಬಿಸಿಲಲ್ಲಿ ನಿಂತ ಕಾರಿನ ಬಕಲ್ ಕಾದ ಕಬ್ಬಿಣ. ಮುಟ್ಟಿ ನೋಡಿ ಹಾಕಿ. ಎರಡು ಗಂಟೆಗೊಮ್ಮೆ ಗಾಡಿ ನಿಲ್ಲಿಸಿ ಮಗುವನ್ನು ಎತ್ತಿಕೊಳ್ಳಿ. ಒಂದು ನಿಮಿಷಕ್ಕೂ ಮಗುವನ್ನು ಒಂಟಿಯಾಗಿ ಕಾರಿನಲ್ಲಿ ಬಿಡಬೇಡಿ.

ಸಾಧ್ಯವಾದರೆ ರಾತ್ರಿ ಪ್ರಯಾಣ ತಪ್ಪಿಸಿ. 2024ರ ಜೂನ್ 28ರ ನಸುಕಿನಲ್ಲಿ ಬ್ಯಾಡಗಿ ತಾಲೂಕಿನ ಗುಂಡೇನಹಳ್ಳಿ ಹತ್ತಿರ ನಿಂತಿದ್ದ ಲಾರಿಗೆ ಟಿಟಿ ಗುದ್ದಿ 13 ಮಂದಿ ತೀರಿಕೊಂಡಿದ್ದು ನಮ್ಮ ಜಿಲ್ಲೆಯ ಹೆದ್ದಾರಿಯಲ್ಲೇ.

ಅತ್ತರೆ ಏನು ಮಾಡೋದು?

ಅಳುತ್ತೆ, ನಿಜ. ನಮ್ಮವನು ಮೊದಲ ವಾರ ರಂಪ ಮಾಡಿದ. ಸೀಟನ್ನು ಮೊದಲು ಹಾಲ್‌ನಲ್ಲಿಟ್ಟು ನಾನು ಎದುರಿಗೇ ಕೂತು ಅದರಲ್ಲಿ ಆಟ ಆಡಿಸಿದೆ. ಆಮೇಲೆ ಓಣಿ ಸುತ್ತಿ ಬರುವ ಸಣ್ಣ ರೌಂಡ್. ಮುಖ್ಯವಾದದ್ದು: "ಇವತ್ತೊಂದು ದಿನ ಬಿಡೋಣ" ಅನ್ನಲಿಲ್ಲ. ಹತ್ತು ದಿನಕ್ಕೆ ಒಗ್ಗಿಕೊಂಡ. ಈಗ ತುಮಕೂರು ದಾಟುವಷ್ಟರಲ್ಲಿ ನಿದ್ದೆ.

ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆಯ ಲೆಕ್ಕದಲ್ಲಿ, ಸರಿಯಾಗಿ ಬಳಸಿದ ಸೀಟು ಕಾರು ಅಪಘಾತದಲ್ಲಿ ವರ್ಷದೊಳಗಿನ ಶಿಶುಗಳ ಸಾವನ್ನು ಶೇ. 71ರಷ್ಟು, ಒಂದರಿಂದ ನಾಲ್ಕು ವರ್ಷದ ಮಕ್ಕಳ ಸಾವನ್ನು ಶೇ. 54ರಷ್ಟು ತಗ್ಗಿಸುತ್ತೆ. ಮೊಬೈಲ್‌ಗೆ ಕೊಡುವ ದುಡ್ಡಿಗಿಂತ ಕಡಿಮೆಯಲ್ಲಿ ಇದಕ್ಕಿಂತ ದೊಡ್ಡ ಭರವಸೆ ಎಲ್ಲಿ ಸಿಗುತ್ತೆ?

ಯುಗಾದಿಗೆ ಮತ್ತೆ ಮಾಸೂರಿಗೆ ಹೋದಾಗ ಎಲ್ಲರೂ ಮದಗದ ಕೆರೆ ನೋಡಲು ಹೊರಟ್ವಿ. ಹತ್ತಿರದ ದಾರಿ ಅಂತ ಯಜಮಾನರು ಮಗುವಿನ ಪಟ್ಟಿ ಹಾಕದೆ ಗಾಡಿ ಸ್ಟಾರ್ಟ್ ಮಾಡಿದರು. ಹಿಂದಿನಿಂದ ಅತ್ತೆಯವರ ದನಿ: "ತಡಿಯಪ್ಪಾ, ಮದ್ಲ ಕೂಸಿನ ಬೆಲ್ಟ್ ಹಾಕು. ಆಮ್ಯಾಲೆ ಹೊಂಡು."

"ಅತ್ತಿ, ನಿಮ್ದೂ ಹಾಕ್ಕೋರಿ" ಅಂದೆ. ನಗುತ್ತಲೇ ಹಾಕಿಕೊಂಡರು.

(ನಿಮ್ಮ ಮನೆಯ ಹಿರಿಯರನ್ನು ನೀವು ಹೇಗೆ ಒಪ್ಪಿಸಿದಿರಿ? ಓದುಗರ ಅಂಕಣಕ್ಕೆ ಬರೆದು ಕಳಿಸಿ.)