ಹನ್ನೆರಡು ಲಕ್ಷ ಪ್ಲೇಟ್‌ಲೆಟ್, ಒಂದೇ ಒಂದು ಅಕ್ಷರ

ಮಳೆಗಾಲ ಬಂತೆಂದರೆ ನಮ್ಮ ಊರುಗಳಲ್ಲಿ ಪ್ಲೇಟ್‌ಲೆಟ್ ಲೆಕ್ಕ ಗೊತ್ತಿಲ್ಲದವರು ಸಿಗುವುದಿಲ್ಲ. ಡೆಂಗ್ಯೂ ಕಲಿಸಿದ ಪಾಠ ಅದು. ‘ಐವತ್ತು ಸಾವಿರಕ್ಕೆ ಇಳಿದಿದೆಯಂತೆ’ ಎಂದು ಯಾರಾದರೂ ಅಂದರೆ ಕೇಳಿದವರ ಎದೆ ಧಸಕ್ಕೆನ್ನುತ್ತದೆ, ಪಪ್ಪಾಯಿ ಎಲೆಗೆ ಹುಡುಕಾಟ ಶುರುವಾಗುತ್ತದೆ. ಅದೇ ವರದಿಯಲ್ಲಿ ಎಂಟು ಲಕ್ಷ, ಹನ್ನೆರಡು ಲಕ್ಷ ಎಂದು ಬರೆದಿದ್ದರೆ? ‘ಜಾಸ್ತಿಯೇ ಇದೆಯಲ್ಲ, ಒಳ್ಳೆಯದೇ’ ಎಂದು ಹಾಳೆ ಮಡಚಿಡುವವರಿದ್ದಾರೆ. ಆ ಹಾಳೆಯನ್ನು ಮಡಚಿಡಬಾರದು.

ಮೊದಲು ಆರೋಗ್ಯವಂತರ ಲೆಕ್ಕ ನೋಡೋಣ. ಒಂದು ಮೈಕ್ರೋಲೀಟರ್ ರಕ್ತದಲ್ಲಿ, ಅಂದರೆ ಒಂದು ಹನಿಯ ಸಣ್ಣ ಪಾಲಿನಲ್ಲಿ, ಒಂದೂವರೆಯಿಂದ ನಾಲ್ಕೂವರೆ ಲಕ್ಷ ಪ್ಲೇಟ್‌ಲೆಟ್ ಇರುತ್ತವೆ. ಎರಡೂವರೆ ಲಕ್ಷ ಎಂದು ಹಿಡಿದರೂ ಐದು ಲೀಟರ್ ರಕ್ತದಲ್ಲಿ 1.25 ಲಕ್ಷ ಕೋಟಿ. ಒಂದೊಂದರ ಅಗಲ ಮಿಲಿಮೀಟರಿನ ಸಾವಿರದಲ್ಲಿ ಎರಡು ಮೂರು ಪಾಲು. ಅವನ್ನು ಒಂದರ ಪಕ್ಕ ಒಂದು ಇಡುತ್ತ ಹೋದರೆ ಸಾಲು 2,500 ಕಿಲೋಮೀಟರ್ ದಾಟುತ್ತದೆ. ಬೆಂಗಳೂರಿನಿಂದ ಹೊರಟರೆ ದೆಹಲಿ ಹಿಂದೆ ಬೀಳುತ್ತದೆ. ಇವುಗಳ ಆಯುಸ್ಸು ಏಳರಿಂದ ಹತ್ತು ದಿನ ಮಾತ್ರ. ಹಾಗಾಗಿ ಮೂಳೆಮಜ್ಜೆ ದಿನಕ್ಕೆ ಸುಮಾರು 10,000 ಕೋಟಿ ಹೊಸ ಪ್ಲೇಟ್‌ಲೆಟ್ ತಯಾರಿಸುತ್ತಲೇ ಇರಬೇಕು. ಸೆಕೆಂಡಿಗೆ ಹನ್ನೊಂದು ಲಕ್ಷಕ್ಕೂ ಹೆಚ್ಚು. ಈ ವಾಕ್ಯ ಓದಿ ಮುಗಿಸುವಷ್ಟರಲ್ಲಿ ನಿಮ್ಮ ಮೈಯಲ್ಲಿ ಬೆಂಗಳೂರಿನ ಜನಸಂಖ್ಯೆಯ ಕಾಲುಭಾಗದಷ್ಟಾದರೂ ಹೊಸದಾಗಿ ಹುಟ್ಟಿರುತ್ತವೆ.

ಕೆಲವರಲ್ಲಿ ಈ ತಯಾರಿಕೆಗೆ ಕಡಿವಾಣ ತಪ್ಪುತ್ತದೆ. 1934ರಲ್ಲಿ ವಿಯೆನ್ನಾದ ಎಮಿಲ್ ಎಪ್‌ಸ್ಟೈನ್ ಮತ್ತು ಆಲ್‌ಫ್ರೆಡ್ ಗೋಡೆಲ್ ಮೊದಲು ವಿವರಿಸಿದ ಈ ಕಾಯಿಲೆಗೆ ಈಗಿನ ಹೆಸರು ಎಸೆನ್ಷಿಯಲ್ ಥ್ರಾಂಬೊಸೈಥೀಮಿಯಾ. ವರ್ಷಕ್ಕೆ ಲಕ್ಷಕ್ಕೆ ಒಬ್ಬಿಬ್ಬರಲ್ಲಿ ಹೊಸದಾಗಿ ಪತ್ತೆಯಾಗುತ್ತದೆ. ಎಷ್ಟೋ ಮಂದಿಗೆ ನೋವಿಲ್ಲ, ಜ್ವರವಿಲ್ಲ. ಬೇರೆ ಯಾವುದಕ್ಕೋ ರಕ್ತ ಕೊಟ್ಟಾಗ ತಿಳಿಯುತ್ತದೆ. ಇನ್ನು ಕೆಲವರಿಗೆ ಮೊದಲ ಸುದ್ದಿಯೇ ಲಕ್ವ.

ಹನ್ನೆರಡು ಲಕ್ಷದ ಲೆಕ್ಕದಲ್ಲಿ ಆ ಸಾಲು 12,000 ಕಿಲೋಮೀಟರ್ ಆಗುತ್ತದೆ, ಹೆಚ್ಚುಕಡಿಮೆ ಭೂಮಿಯ ವ್ಯಾಸದಷ್ಟು. ಇದನ್ನು ಕೇಳಿದರೆ ರಕ್ತ ಗಟ್ಟಿಯಾಗಿಬಿಟ್ಟಿದೆ, ಅದಕ್ಕೇ ಮಿದುಳಿನ ನಾಳ ಕಟ್ಟಿಕೊಂಡಿತು ಎಂದು ಯಾರಿಗಾದರೂ ಅನ್ನಿಸುತ್ತದೆ. ಗಾತ್ರದ ಲೆಕ್ಕ ಹಾಕಿದರೆ ಬೇರೆಯದೇ ಚಿತ್ರ ಕಾಣುತ್ತದೆ. ಆರೋಗ್ಯವಂತರ ರಕ್ತದಲ್ಲಿರುವ ಅಷ್ಟೂ ಪ್ಲೇಟ್‌ಲೆಟ್‌ಗಳನ್ನು ಒಟ್ಟುಗೂಡಿಸಿದರೆ ಸುಮಾರು ಹನ್ನೆರಡು ಮಿಲಿಲೀಟರ್, ಎರಡು ಚಮಚಕ್ಕಿಂತ ತುಸು ಹೆಚ್ಚು. ಹನ್ನೆರಡು ಲಕ್ಷವಿದ್ದವರಲ್ಲೂ ಅರವತ್ತು ಮಿಲಿಲೀಟರಿನ ಆಸುಪಾಸು, ಐದು ಲೀಟರಿನಲ್ಲಿ ನೂರಕ್ಕೆ ಒಂದು ಪಾಲು. ಕೆಂಪು ಕಣಗಳೇ ಎರಡು ಲೀಟರ್ ಇರುವ ಕಡೆ ಇದರಿಂದ ರಕ್ತ ಗಟ್ಟಿಯಾಗಲಾರದು.

ಈ ಕಾಯಿಲೆಯಲ್ಲಿ ನನ್ನನ್ನು ಎಲ್ಲಕ್ಕಿಂತ ಬೆರಗುಗೊಳಿಸಿದ್ದು ಇದೇ: ಎಲ್ಲರ ಕಣ್ಣು ಹೋಗುವ ದೊಡ್ಡ ಸಂಖ್ಯೆ ಲಕ್ವದ ಅಪಾಯದ ಬಗ್ಗೆ ಹೇಳುವುದು ಬಹಳ ಕಡಿಮೆ. ಹೇಳುವುದೆಲ್ಲ ಸಣ್ಣ ಸಂಖ್ಯೆಗಳು. ಅರವತ್ತು ದಾಟಿದ ವಯಸ್ಸು. ಹಿಂದೆ ಒಮ್ಮೆ ಎಲ್ಲಾದರೂ ರಕ್ತ ಹೆಪ್ಪುಗಟ್ಟಿದ್ದು. ಬಿಪಿ, ಸಕ್ಕರೆ, ಸಿಗರೇಟು. ಮತ್ತೆ ಒಂದು ಅಕ್ಷರ.

ನಮ್ಮ ವಂಶವಾಹಿಯ ಬರಹದಲ್ಲಿ ಸುಮಾರು 300 ಕೋಟಿ ಅಕ್ಷರಗಳಿವೆ. 2005ರಲ್ಲಿ ಯುರೋಪ್ ಮತ್ತು ಅಮೆರಿಕದ ಬೇರೆ ಬೇರೆ ಪ್ರಯೋಗಾಲಯಗಳು ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಒಂದೇ ತಪ್ಪನ್ನು ಗುರುತಿಸಿದವು. ಜಾಕ್2 ಎಂಬ ಜೀನಿನಲ್ಲಿ ‘ಜಿ’ ಇರಬೇಕಾದಲ್ಲಿ ‘ಟಿ’. ಇದರಿಂದ 1,132 ಅಮೈನೋ ಆಮ್ಲಗಳ ಪ್ರೋಟೀನಿನಲ್ಲಿ 617ನೆಯದು ಬದಲಾಗುತ್ತದೆ, ‘ರಕ್ತಕಣ ತಯಾರಿಸು’ ಎಂಬ ಆಜ್ಞೆ ನಿಲ್ಲುವುದೇ ಇಲ್ಲ. ಈ ಕಾಯಿಲೆಯ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಇರುವುದು ಇದೇ ತಪ್ಪು. ಕ್ಯಾಲ್‌ಆರ್ ಎಂಬ ಇನ್ನೊಂದು ಜೀನ್ ಕೆಟ್ಟವರಲ್ಲಿ ಪ್ಲೇಟ್‌ಲೆಟ್ ಸಂಖ್ಯೆ ಇವರಿಗಿಂತ ಹೆಚ್ಚಿರುತ್ತದೆ, ರಕ್ತ ಹೆಪ್ಪುಗಟ್ಟುವ ಅಪಾಯ ಮಾತ್ರ ಕಡಿಮೆ! ಜಾಕ್2 ತಪ್ಪಿದ ಪ್ಲೇಟ್‌ಲೆಟ್‌ಗಳೂ ಬಿಳಿ ಕಣಗಳೂ ಸುಮ್ಮನಿರದೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ನಾಳದ ಒಳಗೋಡೆಯನ್ನು ಕೆರಳಿಸುತ್ತವೆ. ಕೆಡುಕು ಅವುಗಳ ಸಂಖ್ಯೆಗಿಂತ ನಡವಳಿಕೆಯಲ್ಲಿದೆ.

ಈ ತಪ್ಪು ಅಪ್ಪ ಅಮ್ಮನಿಂದ ಬಂದದ್ದಲ್ಲ, ಬದುಕಿನ ದಾರಿಯಲ್ಲಿ ಒಂದೇ ಒಂದು ಕಣದಲ್ಲಿ ಆದದ್ದು. ಯಾವಾಗ? 2022ರಲ್ಲಿ ಜ್ಯೋತಿ ನಂಗಾಲಿಯಾ ಅವರ ತಂಡ ಕೇಂಬ್ರಿಡ್ಜ್‌ನಲ್ಲಿ ರಕ್ತಕಣಗಳ ವಂಶವೃಕ್ಷವನ್ನೇ ಬಿಡಿಸಿ ನೋಡಿತು. ಜಾಕ್2 ತಪ್ಪು ತಾಯಿಯ ಗರ್ಭದಲ್ಲೋ ಬಾಲ್ಯದಲ್ಲೋ ಆಗಿತ್ತು. ಆ ಒಂದು ಕಣದ ಸಂತಾನ ಬೆಳೆದು ಕಾಯಿಲೆಯಾಗಿ ಕಾಣಿಸಿಕೊಳ್ಳಲು ಸರಾಸರಿ ಮೂವತ್ತು ವರ್ಷ ಬೇಕಾಗಿತ್ತು.

ಇನ್ನು ಅಪಾಯ ಎಷ್ಟು? 891 ರೋಗಿಗಳನ್ನು ಆರು ವರ್ಷದ ಮೇಲೆ ಗಮನಿಸಿದ ಅಧ್ಯಯನವೊಂದರಲ್ಲಿ 109 ಮಂದಿಗೆ ಹೃದಯ, ಮಿದುಳು ಅಥವಾ ರಕ್ತನಾಳದಲ್ಲಿ ಹೆಪ್ಪು ಕಟ್ಟಿತು. ವರ್ಷಕ್ಕೆ ನೂರಕ್ಕೆ ಎರಡಕ್ಕಿಂತ ತುಸು ಕಡಿಮೆ. ಕೇಳಲು ಸಣ್ಣದು. ಆದರೆ ಈ ಕಾಯಿಲೆಯವರು ಇಪ್ಪತ್ತು ವರ್ಷ, ಅದಕ್ಕೂ ಹೆಚ್ಚು ಬದುಕುತ್ತಾರೆ. ವರ್ಷಕ್ಕೆ ಎರಡರಂತೆ ಇಪ್ಪತ್ತು ವರ್ಷ ಸಾಗಿದರೆ ಅದು ಮೂವರಲ್ಲಿ ಒಬ್ಬರ ಮಾತಾಗುತ್ತದೆ.

ತಡೆಯಬಹುದೇ? ಇಟಲಿಯ ಬೆರ್ಗಾಮೊದ ವೈದ್ಯರು 1995ರಲ್ಲಿ ಉತ್ತರ ಕೊಟ್ಟರು. ಹೆಚ್ಚು ಅಪಾಯದಲ್ಲಿದ್ದ 114 ಮಂದಿಯಲ್ಲಿ 56 ಜನಕ್ಕೆ ಹೈಡ್ರಾಕ್ಸಿಯೂರಿಯಾ ಮಾತ್ರೆ, ಉಳಿದ 58 ಜನಕ್ಕೆ ಇಲ್ಲ. ಎರಡು ವರ್ಷ ಕಳೆದು ಕೆಲವು ತಿಂಗಳಲ್ಲಿ, ಮಾತ್ರೆ ಇಲ್ಲದವರಲ್ಲಿ 14 ಮಂದಿಗೆ ಹೆಪ್ಪು, ನುಂಗಿದವರಲ್ಲಿ ಇಬ್ಬರಿಗೆ. ವೈದ್ಯಲೋಕದಲ್ಲಿ ಇಷ್ಟು ನಿಚ್ಚಳ ಅಂತರ ಅಪರೂಪ.

ಆಸ್ಪಿರಿನ್ ಕತೆಯಲ್ಲೂ ಲೆಕ್ಕವೇ ದಾರಿ ತೋರಿಸಿತು. ಆಸ್ಪಿರಿನ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಇಪ್ಪತ್ತು ನಿಮಿಷ ಸಾಕು, ಅಷ್ಟರಲ್ಲೇ ಅದು ಮುಟ್ಟಿದ ಪ್ಲೇಟ್‌ಲೆಟ್ ಸಾಯುವವರೆಗೂ ತಣ್ಣಗಿರುತ್ತದೆ. ಆರೋಗ್ಯವಂತರಿಗೆ ದಿನಕ್ಕೊಂದು ಮಾತ್ರೆಯ ಪರಿಣಾಮ ಮರುದಿನದವರೆಗೂ ನಿಲ್ಲುತ್ತದೆ. ಈ ಕಾಯಿಲೆಯಲ್ಲಿ ಹೊಸ ಪ್ಲೇಟ್‌ಲೆಟ್‌ಗಳು ದಂಡಿಯಾಗಿ ಬರುವುದರಿಂದ ಮರುದಿನ ಬೆಳಗ್ಗೆ ಎನ್ನುವಷ್ಟರಲ್ಲಿ ಮಾತ್ರೆ ಸೋಲುತ್ತದೆ. ದಿನಕ್ಕೆ ಎರಡು ಬಾರಿ ಸಣ್ಣ ಪ್ರಮಾಣ ಕೊಟ್ಟರೆ ಹಿಡಿತ ಬಿಗಿಯಾಗುತ್ತದೆಂದು 2020ರ ಪ್ರಯೋಗ ತೋರಿಸಿತು. ಹಾಗೆಂದು ಯಾರೂ ತಾವಾಗಿ ಆಸ್ಪಿರಿನ್ ಶುರುಮಾಡಬಾರದು. ಸಂಖ್ಯೆ ಹತ್ತು ಲಕ್ಷ ಮೀರಿದಾಗ ರಕ್ತ ನಿಲ್ಲಿಸಲು ಬೇಕಾದ ಫಾನ್ ವಿಲ್ಲೆಬ್ರಾಂಡ್ ಪ್ರೋಟೀನನ್ನು ಪ್ಲೇಟ್‌ಲೆಟ್‌ಗಳೇ ಕಬಳಿಸಿ, ಹೆಪ್ಪುಗಟ್ಟುವ ಕಾಯಿಲೆಯಲ್ಲೇ ರಕ್ತಸ್ರಾವ ಆಗುವುದುಂಟು.

ಲಕ್ವ ಹೊಡೆದ ಮೇಲಿನ ಲೆಕ್ಕ ಇನ್ನೂ ಕ್ರೂರ. ಮಿದುಳಿನ ದೊಡ್ಡ ನಾಳವೊಂದು ಕಟ್ಟಿಕೊಂಡರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂದು 2006ರಲ್ಲಿ ಲಾಸ್ ಏಂಜಲೀಸ್‌ನ ಜೆಫ್ರಿ ಸೇವರ್ ಲೆಕ್ಕ ಕಟ್ಟಿದರು. ಸೆಕೆಂಡಿಗೆ 32,000. ಪ್ಲೇಟ್‌ಲೆಟ್ ಸೆಕೆಂಡಿಗೆ ಹನ್ನೊಂದು ಲಕ್ಷ ಮರಳಿ ಹುಟ್ಟುತ್ತದೆ, ಸತ್ತ ನರಕೋಶ ಮರಳುವುದಿಲ್ಲ.

ಹಾಗಾದರೆ ಸಂಖ್ಯೆ ನಾಲ್ಕೂವರೆ ಲಕ್ಷ ದಾಟಿದವರೆಲ್ಲ ಹೆದರಬೇಕೇ? ಖಂಡಿತ ಬೇಡ. ಸೋಂಕು, ಉರಿಯೂತ, ಕಬ್ಬಿಣಾಂಶದ ಕೊರತೆ ಇದ್ದರೂ ಪ್ಲೇಟ್‌ಲೆಟ್ ಏರುತ್ತವೆ. ಅರ್ಧಕ್ಕಿಂತ ಹೆಚ್ಚು ಹೆಂಗಸರಿಗೆ ರಕ್ತಹೀನತೆ ಇರುವ ನಮ್ಮ ದೇಶದಲ್ಲಿ ಮೊದಲು ನೋಡಬೇಕಾದ್ದೇ ಅದು. ಆದರೆ ಕೆಲವು ವಾರ ಬಿಟ್ಟು ಮತ್ತೆ ಪರೀಕ್ಷಿಸಿದಾಗಲೂ ಸಂಖ್ಯೆ ಇಳಿಯದಿದ್ದರೆ ರಕ್ತರೋಗ ತಜ್ಞರನ್ನು ಕಾಣಿ, ಜಾಕ್2 ಪರೀಕ್ಷೆ ಬೇಕೇ ಎಂದು ಕೇಳಿ. ಮನೆಯಲ್ಲಿ ಯಾರದೇ ಬಾಯಿ ಒಂದು ಪಕ್ಕಕ್ಕೆ ಸೊಟ್ಟಗಾದರೆ, ಎತ್ತಿದ ಕೈ ಕೆಳಗೆ ಜಾರಿದರೆ, ಮಾತು ತೊದಲಿದರೆ, ಕೆಲವೇ ನಿಮಿಷದಲ್ಲಿ ಸರಿಹೋದರೂ ಸಹ, ಕೂಡಲೇ 108ಕ್ಕೆ ಕರೆ ಮಾಡಿ. ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡಲು ಸಾಮಾನ್ಯವಾಗಿ ಇರುವುದು ನಾಲ್ಕೂವರೆ ಗಂಟೆ.