ಅಮ್ಮ, ಮೀನಿಗೆ ಉಸಿರು ಕಟ್ಟಿದೆ!

ಭಾನುವಾರ ಬೆಳಿಗ್ಗೆ. ನಾನು ದೋಸೆ ಹುಯ್ಯುತ್ತಿದ್ದೆ. ಏಳು ವರ್ಷದ ಮಗಳು ಹಾಲ್‌ನಿಂದ ಕೂಗಿದಳು: "ಅಮ್ಮ, ಮೀನೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡ್ತಿವೆ. ಉಸಿರು ಕಟ್ಟಿದೆ ಅನ್ಸುತ್ತೆ!" ಓಡಿ ಹೋಗಿ ನೋಡಿದರೆ ಅವಳು ಹೇಳಿದ್ದು ನಿಜವಾಗಿತ್ತು. ಉಸಿರು ಕಟ್ಟಿಸಿದವಳು ನಾನೇ.

ಜರ್ಮನಿಯ ನಮ್ಮ ಬಾಡಿಗೆ ಮನೆಯಲ್ಲಿ ನಾಯಿ, ಬೆಕ್ಕು ಸಾಕುವ ಹಾಗಿಲ್ಲ. ಹಾಗಾಗಿ 112 ಲೀಟರ್‌ನ ಗಾಜಿನ ತೊಟ್ಟಿ ಬಂತು, ಹನ್ನೆರಡು ನಿಯಾನ್ ಟೆಟ್ರಾ ಮೀನು ಬಂದವು. ಜೊತೆಗೆ ರೊಟಾಲಾ ಮ್ಯಾಕ್ರಾಂಡ್ರಾ ಎಂಬ ಕೆಂಪು ಗಿಡ. ಅದರ ಮೂಲ ದಕ್ಷಿಣ ಭಾರತ ಎಂದು ತಿಳಿದಾಗ ಮಗಳಿಗೆ "ನಮ್ಮ ಕಡೆ ಗಿಡ" ಎಂಬ ಅಭಿಮಾನ. ಆದರೆ ತಿಂಗಳೊಳಗೆ ನಮ್ಮ ಕಡೆ ಗಿಡ ಸೊರಗಿತು, ಎಲೆಗಳಿಗೆ ಪಾಚಿ ಹತ್ತಿತು.

ಕಾರಣ ಸರಳ. ಗಿಡಕ್ಕೆ ಬೆಳಕು, ಗೊಬ್ಬರದಷ್ಟೇ ಇಂಗಾಲದ ಡೈಆಕ್ಸೈಡ್ ಕೂಡ ಬೇಕು. ಈ ಅನಿಲ ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಸಾಮಾನ್ಯ ತೊಟ್ಟಿಯಲ್ಲಿ ಅದು ಲೀಟರಿಗೆ ಕೆಲವೇ ಮಿಲಿಗ್ರಾಂ ಇರುತ್ತದೆ. ಕೆಂಪು ಗಿಡಗಳನ್ನು ಚೆನ್ನಾಗಿ ಬೆಳೆಸುವವರು 30 ಮಿಲಿಗ್ರಾಂ ಆಸುಪಾಸಿನಲ್ಲಿ ಇಟ್ಟುಕೊಳ್ಳುತ್ತಾರೆ. ಅದಕ್ಕೇ ಸಿಲಿಂಡರ್.

ಏನೇನು ಬೇಕು?

ನಾವು ತಂದದ್ದು 2 ಕೆಜಿ ಸಿಲಿಂಡರ್. ಒಳಗೆ ಅನಿಲ ದ್ರವರೂಪದಲ್ಲಿರುತ್ತದೆ. 20 ಡಿಗ್ರಿಯಲ್ಲಿ ಒತ್ತಡ ಸುಮಾರು 57 ಬಾರ್. ಅದನ್ನು ಒಂದೆರಡು ಬಾರ್‌ಗೆ ಇಳಿಸುವುದು ರೆಗ್ಯುಲೇಟರ್. ಹರಿವನ್ನು ಸಣ್ಣಗೆ ಹೊಂದಿಸುವುದು ನೀಡಲ್ ವಾಲ್ವ್. ಟೈಮರ್‌ಗೆ ತಕ್ಕಂತೆ ತೆರೆದು ಮುಚ್ಚುವುದು ಸೊಲೆನಾಯ್ಡ್. ಗುಳ್ಳೆ ಎಣಿಸಲು ಒಂದು ಪುಟ್ಟ ಗಾಜಿನ ಕೊಳವೆ, ನೀರು ಹಿಂದಕ್ಕೆ ಹರಿದು ರೆಗ್ಯುಲೇಟರ್ ಹಾಳಾಗದಂತೆ ಚೆಕ್ ವಾಲ್ವ್, ಅನಿಲವನ್ನು ಮಂಜಿನಂತೆ ಒಡೆಯಲು ಡಿಫ್ಯೂಸರ್. ಪೈಪು ಸಿಲಿಕೋನ್‌ನದ್ದು ಬೇಡ, ಅದರ ಗೋಡೆಯಿಂದಲೇ ಅನಿಲ ಸೋರುತ್ತದೆ; ಪಾಲಿಯುರೆಥೇನ್ ಒಳ್ಳೆಯದು. ಜೋಡಿಸಿದ ಮೇಲೆ ಪ್ರತಿ ಸಂದಿಗೂ ಸೋಪಿನ ನೊರೆ ಹಚ್ಚಿ ನೋಡಿ. ಈ ಕೆಲಸ ಮಕ್ಕಳಿಗೆ ಬಲು ಇಷ್ಟ.

ಗಿಡಗಳಿಗೆ ಇಂಗಾಲ ಬೇಕಿರುವುದು ಬೆಳಕಿದ್ದಾಗ ಮಾತ್ರ. ಹಾಗಾಗಿ ದೀಪ ಹತ್ತುವ ಒಂದು ಗಂಟೆ ಮೊದಲು ಅನಿಲ ಶುರು, ದೀಪ ಆರುವ ಒಂದು ಗಂಟೆ ಮೊದಲು ಬಂದ್. ರಾತ್ರಿ ಗಿಡಗಳೂ ಮೀನಿನಂತೆ ಆಮ್ಲಜನಕವನ್ನೇ ಬಳಸುತ್ತವೆ.

ಎಡವಿದ್ದು ಎಲ್ಲಿ?

ಕೊನೆಯ ಸಾಧನ ಡ್ರಾಪ್ ಚೆಕರ್. ತೊಟ್ಟಿಯೊಳಗೆ ಅಂಟಿಸುವ ಗಾಜಿನ ಬುರುಡೆ. ಅದರಲ್ಲಿರುವ ದ್ರಾವಣ ಅನಿಲ ಕಡಿಮೆಯಿದ್ದರೆ ನೀಲಿ, ಸರಿಯಿದ್ದರೆ ಹಸಿರು, ಹೆಚ್ಚಾದರೆ ಹಳದಿ. ನನಗದು ಬಹಳ ಹಿಡಿಸಿತು. ಲ್ಯಾಬಿನಲ್ಲಿ ಜೀವಕೋಶ ಬೆಳೆಸುವ ಇನ್‌ಕ್ಯುಬೇಟರ್‌ಗೆ ದಿನವೂ ಇದೇ ಅನಿಲವನ್ನು 5 ಶೇಕಡಾ ಕೊಡುವವಳು ನಾನು. ಇದೇನು ಮಹಾ ಎಂಬ ಧೈರ್ಯ.

ಮೊದಲ ವಾರ ಎರಡು ಸೆಕೆಂಡಿಗೆ ಒಂದು ಗುಳ್ಳೆ. ಬಣ್ಣ ನೀಲಿಯಾಗಿಯೇ ಇತ್ತು. ಆ ಭಾನುವಾರ ವಾಲ್ವ್ ತಿರುಗಿಸಿದೆ. ಅರ್ಧ ಗಂಟೆ ಕಾದೆ, ಬಣ್ಣ ಬದಲಾಗಲಿಲ್ಲ. ಇನ್ನಷ್ಟು ತಿರುಗಿಸಿ ಅಡುಗೆಮನೆಗೆ ಹೋದೆ. ಮಗಳು ಕೂಗಿದಾಗ ಚೆಕರ್ ಇನ್ನೂ ತಿಳಿಹಸಿರು ತೋರಿಸುತ್ತಿತ್ತು! ನೀರಿನಲ್ಲಾದ ಬದಲಾವಣೆ ಅದರ ಬಣ್ಣದಲ್ಲಿ ಕಾಣಲು ಒಂದೆರಡು ಗಂಟೆ ಹಿಡಿಯುತ್ತದೆ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಆತುರಪಟ್ಟೆ.

ಅನಿಲ ನಿಲ್ಲಿಸಿ, ಏರ್ ಪಂಪ್ ಹಾಕಿ, ಅದೇ ಬಿಸುಪಿನ ಹೊಸ ನೀರು ತುಂಬಿ ಅರ್ಧದಷ್ಟು ನೀರು ಬದಲಿಸಿದೆವು. ಹತ್ತು ಮೀನು ಚೇತರಿಸಿಕೊಂಡವು. ಎರಡು ಹೋದವು. ಅದರಲ್ಲಿ ಒಂದು, ಮಗಳು ಹೆಸರಿಟ್ಟಿದ್ದ ಗುಂಡಣ್ಣ.

"ಅಮ್ಮ, ನೀನು ಸೈಂಟಿಸ್ಟ್ ಅಲ್ವಾ?" ಎಂದಳು. ಜಗಳದ ದನಿಯಲ್ಲ, ನಿಜವಾಗಿಯೂ ಅರ್ಥವಾಗದೆ ಕೇಳಿದ್ದು. ಮೀನಿಗೆ ಕಾಯಿಲೆ ಇತ್ತು ಎಂದುಬಿಡುವುದು ಸುಲಭವಿತ್ತು. ನಾಲಿಗೆಯ ತುದಿಗೂ ಬಂದಿತ್ತು. "ತಪ್ಪು ನಂದೇ ಪುಟ್ಟಿ, ಕಾಯಬೇಕಿತ್ತು, ಕಾಯಲಿಲ್ಲ" ಎಂದೆ. ಅವಳು ಬಹಳ ಹೊತ್ತು ಅತ್ತಳು. ಬಾಲ್ಕನಿಯ ಕರಿಬೇವಿನ ಕುಂಡದಲ್ಲಿ ಗುಂಡಣ್ಣನನ್ನು ಮಣ್ಣು ಮಾಡಿದೆವು.

ಸಂಜೆ ಮತ್ತೆ ಕೇಳಿದಳು, "ನೀರಲ್ಲಿ ಆಮ್ಲಜನಕ ಇತ್ತಲ್ಲ, ಮತ್ಯಾಕೆ ಉಸಿರು ಕಟ್ಟಿತು?" ಮೆಜೆಸ್ಟಿಕ್‌ನ ಬಸ್ಸು ನೆನಪಿಸಿದೆ. ಒಳಗಿನವರು ಇಳಿಯದಿದ್ದರೆ ಹೊರಗಿನವರು ಹತ್ತುವುದು ಹೇಗೆ? ಮೀನಿನ ರಕ್ತದಲ್ಲಿರುವ ಇಂಗಾಲದ ಡೈಆಕ್ಸೈಡ್ ಕಿವಿರಿನ ಮೂಲಕ ನೀರಿಗೆ ಇಳಿಯಬೇಕು. ನೀರಿನಲ್ಲೇ ಅದು ತುಂಬಿದ್ದರೆ ಇಳಿಯಲು ಜಾಗವಿಲ್ಲ. ರಕ್ತ ಹುಳಿಯಾಗಿ, ಆಮ್ಲಜನಕ ಹೊರುವ ಶಕ್ತಿ ಕುಗ್ಗುತ್ತದೆ.

ಈಗಿನ ನಿಯಮಗಳು

ವಾಲ್ವ್ ಮುಟ್ಟುವುದು ರಜಾದಿನದ ಬೆಳಿಗ್ಗೆ, ದಿನಕ್ಕೆ ಒಮ್ಮೆ, ಕೂದಲೆಳೆಯಷ್ಟು. ಆಮೇಲೆ ಮನೆಯಲ್ಲೇ ಇದ್ದು, ಬಣ್ಣಕ್ಕಿಂತ ಮೊದಲು ಮೀನುಗಳನ್ನು ನೋಡುವುದು.

ಸಿಲಿಂಡರ್ ಖಾಲಿಯಾಗುವ ಹೊತ್ತಿನಲ್ಲೂ ಎಚ್ಚರ ಬೇಕು. ಒಳಗಿನ ದ್ರವ ಮುಗಿದು ಒತ್ತಡ ಕುಸಿಯುವಾಗ ಕೆಲವು ಒಂದೇ ಹಂತದ ರೆಗ್ಯುಲೇಟರ್‌ಗಳು ತೊಟ್ಟಿಗೆ ಹೆಚ್ಚು ಅನಿಲ ಬಿಡುತ್ತವೆ. ಎರಡು ಹಂತದ್ದು ತುಸು ದುಬಾರಿಯಾದರೂ ಹೆಚ್ಚು ನಿಶ್ಚಿಂತೆ.

ಇನ್ನು ಮನೆಯವರ ಸುರಕ್ಷತೆ. 2 ಕೆಜಿ ಪೂರ್ತಿ ಸೋರಿದರೆ ಸುಮಾರು 1,100 ಲೀಟರ್ ಅನಿಲ. ಅದು ಗಾಳಿಗಿಂತ ಒಂದೂವರೆ ಪಟ್ಟು ಭಾರ, ವಾಸನೆಯಿಲ್ಲ. ಮಕ್ಕಳು ಮಲಗುವ ಮುಚ್ಚಿದ ಕೋಣೆಯಲ್ಲಿ ಸಿಲಿಂಡರ್ ಬೇಡ. ನೆಟ್ಟಗೆ ನಿಲ್ಲಿಸಿ, ಬೀಳದಂತೆ ಕಟ್ಟಿ. 31 ಡಿಗ್ರಿ ದಾಟಿದರೆ ಒಳಗೆ ದ್ರವವೇ ಉಳಿಯುವುದಿಲ್ಲ, ಒತ್ತಡ ವೇಗವಾಗಿ ಏರುತ್ತದೆ. ಗಲ್ಫ್‌ನಲ್ಲಿರುವವರು ಅದನ್ನು ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಟ್ಟು ಹೋಗಲೇಬೇಡಿ. ಭರ್ತಿಗೆ ಒಯ್ಯುವ ಮುನ್ನ ಮೇಲೆ ಒತ್ತಿರುವ ತಪಾಸಣೆಯ ದಿನಾಂಕ ನೋಡಿಕೊಳ್ಳಿ.

ಮುಖ್ಯ ನಿಯಮವನ್ನು ಮಾಡಿದ್ದು ಮಗಳು. ಶಾಲೆಗೆ ಹೊರಡುವ ಮುನ್ನ ಮೀನು ಎಣಿಸುತ್ತಾಳೆ, ಬಣ್ಣ ನೋಡುತ್ತಾಳೆ, ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆಯುತ್ತಾಳೆ: "ಹತ್ತು ಮೀನು. ಹಸಿರು. ಎಲ್ಲ ಕೆಳಗಿವೆ." ಭಾನುವಾರದ ಕನ್ನಡ ಕಲಿಗೆ ಗೊಣಗುವವಳು ಇದಕ್ಕೆ ಒಂದು ದಿನವೂ ಗೊಣಗಿಲ್ಲ. "ಹಸಿರು" ಮೊದಮೊದಲು "ಹಸರು" ಆಗಿತ್ತು, ಈಗ ಸರಿಯಾಗಿದೆ.

ರೊಟಾಲಾ ನೀರಿನ ಮಟ್ಟ ಮುಟ್ಟಿದೆ, ತುದಿಯೆಲ್ಲ ಕೆಂಪು. ಕಳೆದ ವಾರ ಇನ್ನೆರಡು ಮೀನು ತರೋಣವೇ ಎಂದು ಕೇಳಿದೆ. ಮಗಳು ನೋಟ್‌ಬುಕ್ ತಿರುವಿ ನೋಡಿ, "ಇನ್ನೊಂದು ವಾರ ಕಾಯೋಣ ಅಮ್ಮ" ಎಂದಳು. ಕಾಯುತ್ತಿದ್ದೇನೆ.